ಒಂದು ತಂಬಿಗೆ ಕತ್ತಲೆ

ಹತ್ತು ನಿಮಿಷದ ಕತ್ತಲೆಗೆ ನಾನು ಒಂದು ತಾಮ್ರದ ತಂಬಿಗೆ ಕೊಟ್ಟಿದ್ದೇನೆ. ಒಳಗೆ ಕಲಾಯಿ ಹಾಕಿದ್ದು, ಕಂಠದ ಸುತ್ತ ಎರಡು ಗೆರೆ ಇದ್ದದ್ದು, ಗಿರಾಕಿ ನನ್ನ ಪಾತ್ರೆ ಅಂಗಡಿಯ ಕಟ್ಟೆಯ ಮೇಲೆ ತಾಸುಗಟ್ಟಲೆ ಕುಳಿತು ಚೌಕಾಸಿ ಮಾಡಿದರೂ ನಾನು ನಾಲ್ಕಾಣೆ ಬಿಡದಂಥದ್ದು. ಸೂರ್ಯ ಮುಳುಗಿದರೆ ಸಕಲ ಚರಾಚರಕ್ಕೂ ಪುಕ್ಕಟೆ ಸಿಗುವ ಸರಕಿಗೆ ಬೆಲೆ ತೆತ್ತ ವರ್ತಕ ಬೆಳಗಾವಿಯಲ್ಲಿ ನಾನೊಬ್ಬನೇ ಇರಬೇಕು. ಯಾಕೆ ಕೊಟ್ಟೆನೆಂದು ಹೇಳುತ್ತೇನೆ. ನೀವು ನಕ್ಕರೂ ಚಿಂತೆಯಿಲ್ಲ, ನಿಮ್ಮದಾದರೂ ದುಡ್ಡು ಉಳಿದೀತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಜೈನ ಮನೆತನದ ವಿಜ್ಞಾನ ಶಿಕ್ಷಕರೊಬ್ಬರು, ನಾವೆಲ್ಲ ಬರೀ ‘ಮಾಸ್ತರ’ ಎನ್ನುತ್ತಿದ್ದವರು, ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಮನೆಯ ನಿಯಮದಿಂದಾಗಿ ವಿಪರೀತ ಉದ್ದವಾಗಿದ್ದ ತಮ್ಮ ಸಂಜೆಗಳಿಗೆ ಒಂದು ಸದ್ವಿನಿಯೋಗ ಹುಡುಕುತ್ತ ತಾರಾವೀಕ್ಷಣೆಯ ಕೂಟವೊಂದನ್ನು ಕಟ್ಟಿದರು. ನನ್ನನ್ನು ಅಲ್ಲಿಗೆ ಎಳೆದದ್ದು ಜ್ಞಾನದಾಹವೆಂದು ತಿಳಿಯಬೇಡಿ. ದುರ್ಬೀನಿನ ನಳಿಗೆಗೆ ಹಿತ್ತಾಳೆ ತಗಡು ಕೇಳಲು ಬಂದ ಅವರೊಡನೆ ಮೂರು ದಿನ ದರದ ಕುಸ್ತಿ ಆಡಿದೆ. ನಾಲ್ಕನೆಯ ದಿನ ನೋಡಿದರೆ ತಗಡನ್ನೂ ಕೊಟ್ಟು ಸದಸ್ಯನೂ ಆಗಿಬಿಟ್ಟಿದ್ದೆ.

ಆಮೇಲೆ ತಿಳಿಯಿತು, ಆಕಾಶವೂ ಅಂಗಡಿಯಂತೆಯೇ, ಋತುವಿಗೆ ತಕ್ಕ ಮಾಲು. ದೀಪಾವಳಿ ಕಳೆದರೆ ಕೃತ್ತಿಕೆಯ ಗೊಂಚಲು, ಚಳಿಗೆ ಮೃಗಶಿರ, ದಕ್ಷಿಣದಲ್ಲಿ ತಗ್ಗಿಗೆ ನಿಂತ ಅಗಸ್ತ್ಯ, ಬೇಸಿಗೆಯ ಸಂಜೆಗಳಲ್ಲಿ ಉತ್ತರಕ್ಕೆ ಸಪ್ತರ್ಷಿಗಳು. ಮಳೆಗಾಲದಲ್ಲಿ ಮಾತ್ರ ಅಂಗಡಿಗೆ ಬೀಗ. ಊರಲ್ಲಿ ಬೀದಿದೀಪಗಳ ಕಾಟವೆಂದು ತಿಂಗಳಿಗೊಮ್ಮೆ ನಾವು ರೈಲು ಹತ್ತಿ ಖಾನಾಪುರಕ್ಕೆ ಹೋಗುತ್ತಿದ್ದೆವು. ಅಲ್ಲಿನ ಒಂದು ಹೆಂಚಿನ ಕಾರ್ಖಾನೆಯವರು, ಹಸಿ ಹೆಂಚು ಒಣಹಾಕುವ ಬಯಲನ್ನು ನಮಗೆ ಬಿಟ್ಟುಕೊಡುತ್ತಿದ್ದರು.

ಆ ವೈಶಾಖದಲ್ಲಿ ನನ್ನ ಹೆಂಡತಿ ಗಂಗಾ ತಾನೂ ಬರುತ್ತೇನೆಂದಳು. ಕಾರಣ ನನಗೆ ಗೊತ್ತಿತ್ತು. ನಮ್ಮ ಮದುವೆ ಆದದ್ದು ಇಂಥದೇ ಬೇಸಿಗೆಯ ನಡುಮಧ್ಯಾಹ್ನ. ಭಟ್ಟರು ನಮ್ಮಿಬ್ಬರನ್ನು ಹಂದರದ ಹೊರಗೆ ನಿಲ್ಲಿಸಿ, ಕಣ್ಣು ಕುಕ್ಕುವ ಬಿಸಿಲಿಗೆ ಬೆರಳು ತೋರಿಸಿ, ಅರುಂಧತಿ ಕಾಣಿಸಿದಳೇ ಎಂದು ಕೇಳಿದಾಗ ನಾನು ಲೋಕರೂಢಿಯಂತೆ ಕಾಣಿಸಿದಳೆಂದೆ. ಗಂಗಾ ಬಾಸಿಂಗ ಸರಿಸಿ, ಹಣೆಗೆ ಕೈ ಅಡ್ಡ ಹಿಡಿದು, ಆಕಾಶವನ್ನೆಲ್ಲ ಹುಡುಕಿ, “ಇಲ್ರಿ, ನನಗೇನೂ ಕಾಣವಲ್ದು” ಎಂದಳು. ಮುಂದೆ ಹಾಲು ಉಕ್ಕಿದರೂ, ವ್ಯಾಪಾರ ಕುಗ್ಗಿದರೂ ನನ್ನ ತಾಯಿಯ ಬಾಯಲ್ಲಿ ಒಂದೇ ಮಾತು: “ಅರುಂಧತಿ ಕಾಣದಾಕಿ ಕಾಲ್ಗುಣ.” ತಾಯಿ ತೀರಿಕೊಂಡಳು; ಮಾತು ಮಾತ್ರ ಮನೆಯಲ್ಲೇ ಉಳಿಯಿತು. ನಮ್ಮ ಓಣಿಯಲ್ಲೋ ಬಾಗಿಲೆದುರಿಗೇ ದೀಪದ ಕಂಬ, ಉತ್ತರಕ್ಕೆ ಪಕ್ಕದವರ ಮೂರಂತಸ್ತಿನ ಗೋಡೆ.

“ಒಮ್ಮೆ ನೋಡಿಬಿಡ್ತೀನ್ರಿ. ಇದ್ರ ಐತಿ, ಇಲ್ಲಂದ್ರ ಇಲ್ಲ,” ಎಂದಳು ಗಂಗಾ.

ರೈಲಿನಲ್ಲಿ ಮಾಸ್ತರರು ಸೀಟಿನ ಧೂಳಿನಲ್ಲೇ ಬೆರಳಿನಿಂದ ಏಳು ಚುಕ್ಕಿ ಬರೆದು ತೋರಿಸಿದರು. ಬಾಗಿದ ಬಾಲದಲ್ಲಿ ನಡುವಿನದು ವಸಿಷ್ಠ, ಅದಕ್ಕೆ ಅಂಟಿಕೊಂಡ ಸಣ್ಣದು ಅರುಂಧತಿ. ವೈಶಾಖದ ಮಧ್ಯಾಹ್ನ ಸಪ್ತರ್ಷಿಗಳು ಭೂಮಿಯ ಮರೆಯಲ್ಲಿರುತ್ತಾರೆಂದೂ ಹೇಳಿದರು. ಅಂದರೆ, ಸರಕು ಉಗ್ರಾಣಕ್ಕೇ ಬಾರದಿರುವಾಗ ‘ಮುಟ್ಟಿತು’ ಎಂದು ರಸೀದಿ ಕೊಟ್ಟವನು, ವ್ಯವಹಾರಚತುರನೆಂದು ಹೆಸರಾದ ನಾನು! ಗಂಗಾ ಕಿಟಕಿಯ ಹೊರಗೆ ನೋಡುತ್ತ ಕುಳಿತಳು, ನಗಲಿಲ್ಲ.

ಖಾನಾಪುರಕ್ಕೆ ಹೋಗಿ ನೋಡಿದರೆ ಬಯಲಿನ ಬಾಜುವಿಗೇ ಒಂದು ಮದುವೆಯ ಹಂದರ. ಹೊತ್ತು ಮುಳುಗುವ ಗೋರಜ ಮುಹೂರ್ತದಲ್ಲಿ ಅಕ್ಷತೆ ಬಿದ್ದಿತ್ತು. ಉತ್ತರದ ದಿಕ್ಕಿಗೆ ಸಾಲಾಗಿ ತೂಗಿದ ಗ್ಯಾಸಬತ್ತಿಗಳು ಬುಸುಗುಡುತ್ತ ಆಕಾಶವನ್ನೇ ಬೆಳ್ಳಗೆ ಮಾಡಿದ್ದವು. ಸಪ್ತರ್ಷಿಗಳಿರಲಿ, ಆ ಕಡೆ ಒಂದು ಚುಕ್ಕಿಯೂ ಕಾಣುತ್ತಿರಲಿಲ್ಲ. ಮಾಸ್ತರರು ದುರ್ಬೀನು ಗಂಟು ಕಟ್ಟತೊಡಗಿದರು. ಗಂಗಾ ಸೆರಗು ಹೊದ್ದು ಉತ್ತರದ ಕಡೆಗೇ ನೋಡುತ್ತ ನಿಂತಿದ್ದಳು. ಅದನ್ನು ನೋಡಿ ನಾನು ಹಂದರದ ಕಡೆ ನಡೆದೆ.

ಹೆಣ್ಣಿನ ತಂದೆ ಮಾರುತಿರಾವ್, ಅಕ್ಕಿ ವ್ಯಾಪಾರಿ. ಕೇಸರಿ ಪೇಟ, ಬೆವರಿದ ಮೀಸೆ. ನಾನು ಮೊದಲು ನನ್ನ ಮಾಲನ್ನು ಹೊಗಳಿದೆ: “ನಿಮ್ಮ ಮಗಳಿಗೆ ಖರೇ ಅರುಂಧತಿ ತೋರಸ್ತೇವ್ರಿ. ಹತ್ತ ನಿಮಿಷ ದೀಪ ಹಿಂದಕ ಒಯ್ದ್ರ ಸಾಕು.”

“ಲಗ್ನದ ಮನ್ಯಾಗ ಕತ್ತಲಿ ಮಾಡಂತೀರಿ? ಯಾರ್ರೀ ನೀವು?”

“ಕತ್ತಲಿ ಕೊಡ್ರಿ, ಚುಕ್ಕಿ ಕೊಡ್ತೀವಿ. ಇಬ್ಬರಿಗೂ ಲಾಭ.”

“ಚುಕ್ಕಿ ದೇವರದು, ಕತ್ತಲಿನೂ ದೇವರದು. ದೀಪ ಅಷ್ಟ ನಂದು, ಬಾಡಿಗಿ ಕೊಟ್ಟೇನಿ. ಇದರಾಗ ನಿಮ್ಮದೇನೈತಿ ಸಾವಕಾರ್ರ?”

ಅಷ್ಟರಲ್ಲಿ ಮದುಮಗಳೇ ಎದ್ದು ಬಂದಳು: “ಬಾಬಾ, ಭಟಜಿ ತೋರಿಸಿದ್ದು ನನಗ ಕಂಡಿಲ್ಲ. ಸುಮ್ನ ಹೂಂ ಅಂದೀನಿ.” ಮಾರುತಿರಾವ್ ಮಗಳನ್ನು ನೋಡಿದರು, ನನ್ನ ಕೈಚೀಲವನ್ನೂ ನೋಡಿದರು. ಖಾನಾಪುರದ ಗಿರಾಕಿಯೊಬ್ಬರಿಗೆ ಮುಟ್ಟಿಸಲು ತಂದಿದ್ದ ತಂಬಿಗೆಯ ಕಂಠ ಅದರೊಳಗಿಂದ ಇಣುಕುತ್ತಿತ್ತು.

“ದಾರಿಹೋಕರು ಹೇಳಿದ್ರ ದೀಪ ಸರಸೂದಿಲ್ರಿ. ಆಯೇರಿ ತಂದ ಪಾವಣ್ಯಾರ ಮಾತಾದ್ರ ಮೀರಾಕ ಬರೂದಿಲ್ಲ. ನೀವೇನ ತಂದೀರಿ?”

ಮೂವತ್ತು ವರ್ಷ ಪಾತ್ರೆ ಮಾರಿದವನು ಸೋತದ್ದು ಅಲ್ಲಿ. ತಂಬಿಗೆ ಉಡುಗೊರೆಯಾಯಿತು, ನಾನು ಅತಿಥಿಯಾದೆ, ಗ್ಯಾಸಬತ್ತಿಗಳು ಅಡುಗೆಮನೆಯ ಹಿಂದೆ ಹೋದವು.

ಮೊದಲು ಮದುಮಗಳು ಕಣ್ಣಿಟ್ಟಳು. ದುರ್ಬೀನಿನಲ್ಲಿ ವಸಿಷ್ಠ ಒಂಟಿಯಲ್ಲ. ಬರಿಗಣ್ಣಿಗೆ ಕಾಣದ ಜೊತೆಗಾರ ನಕ್ಷತ್ರವೊಂದು ಅವನಿಗೆ ಅಂಟಿಕೊಂಡೇ ಕಾಣುತ್ತದೆ.

“ಅಯ್ಯ, ಮೂರು ಅದಾವಲ್ರಿ! ನಡುವ ಇದ್ದಾಕಿ ಯಾರು?”

“ಮತ್ಯಾರು, ಅತ್ತಿ!” ಎಂದಳು ಕತ್ತಲಲ್ಲಿ ಯಾವಳೋ ಮುದುಕಿ. ಹಂದರವೇ ನಕ್ಕಿತು. ಆಮೇಲೆ ಇಡೀ ದಿಬ್ಬಣ ಪಾಳಿಯಲ್ಲಿ ನಿಂತಿತು. ಕೂಸು ಎತ್ತಿಕೊಂಡವರನ್ನು, ಕೋಲು ಹಿಡಿದವರನ್ನು ಮುಂದೆ ಬಿಡುತ್ತ ಬಿಡುತ್ತ ಗಂಗಾ ಕೊನೆಗೆ ಉಳಿದಳು. ನಾನು ದೂರದಿಂದ ಕೈಸನ್ನೆ ಮಾಡಿದೆ, ಕೆಮ್ಮಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಅವಳ ಮುಂದೆ ಇನ್ನೂ ಐದಾರು ಜನರಿರುವಾಗಲೇ ಗ್ಯಾಸಬತ್ತಿಗಳು ಬುಸುಗುಡುತ್ತ ಮರಳಿ ಬಂದವು.

“ನಿನ್ನ ಪಾಳಿ ಬರಲೇ ಇಲ್ಲಲ್ಲ,” ಎಂದೆ. ತಂಬಿಗೆಯೂ ಹೋಯಿತು, ತಾರೆಯೂ ಹೋಯಿತು.

“ಯಾಕ ಬರಬೇಕ್ರಿ? ದೀಪ ಒಯ್ದು ಚೂರು ಹೊತ್ತಿಗೆ ಕಾಣಿಸ್ತು. ಮಾಸ್ತರರು ಬರದಂಗ ಐತಿ, ದೊಡ್ಡದರ ಬಾಜುಕ ಸಣ್ಣದು. ಪಾಳ್ಯಾಗ ನಿಂತು ಅದನ್ನ ನೋಡ್ಕೋತ ಇದ್ನಿ.” ಮತ್ತೆ ಉತ್ತರಕ್ಕೆ ಮುಖ ಮಾಡಿ ಹೇಳಿದಳು: “ಅವತ್ತ ಇರಲಿಲ್ಲ. ಇವತ್ತ ಐತಿ.”

ಮರುದಿನ ಮುಂಜಾನೆ ನಮ್ಮ ಮನೆಯಲ್ಲಿ ಹಾಲು ಉಕ್ಕಿತು. ಗಂಗಾ ಗೋಡೆಯ ಮೇಲಿದ್ದ ನನ್ನ ತಾಯಿಯ ಫೋಟೊದ ಕಡೆ ತಿರುಗಿ, “ಒಲಿ ಜೋರಾಗಿತ್ರಿ ಅತ್ತಿ,” ಎಂದು ಹೇಳಿ ಒಲೆ ಒರೆಸಿದಳು. ಆ ಹಳೆಯ ಮಾತು ನಮ್ಮ ಮನೆ ಬಿಟ್ಟದ್ದು ಅಂದಿನಿಂದ.

ಆದ್ದರಿಂದ ಸ್ವಾಮಿ, ದುರ್ಬೀನು ಕೊಳ್ಳುವ ಮೊದಲು ದೀಪ ಸರಿಸಿ ನೋಡಿ. ಬೇಸಿಗೆಯ ಸಂಜೆ ಉತ್ತರಕ್ಕೆ ಮುಖ ಮಾಡಿ, ಕಣ್ಣಿಗೆ ಕತ್ತಲೆ ಒಗ್ಗುವ ತನಕ ತಾಳ್ಮೆಯಿಂದ ನಿಲ್ಲಿ. ಅವಸರದ ಗಿರಾಕಿಗೆ ಆಕಾಶ ಒಳ್ಳೆಯ ಮಾಲು ತೋರಿಸುವುದಿಲ್ಲ. ಮದುವೆಯಲ್ಲಿ ಯಾರಾದರೂ ಕಾಣಿಸಿತೇ ಎಂದು ಕೇಳಿದರೆ, ಕಂಡಷ್ಟಕ್ಕೆ ಮಾತ್ರ ರಸೀದಿ ಕೊಡಿ. ಚೀಲದಲ್ಲಿ ಒಂದು ತಂಬಿಗೆಯೂ ಇರಲಿ. ಕತ್ತಲೆಯೇನೋ ಪುಕ್ಕಟೆಯೇ, ಆದರೆ ಅದಕ್ಕೆ ಅಡ್ಡ ನಿಂತ ದೀಪಕ್ಕೆ ಯಾರೋ ಬಾಡಿಗೆ ಕೊಟ್ಟಿರುತ್ತಾರೆ.