ಡಿಪೋರ್ಟ್‌ಗೆ ಬಿದ್ದ ಕೆಂಪು ಗೀಟು

ಗೆಳೆಯರೇ, ಬೆಳಗ್ಗಿನಿಂದ ತಲೆ ಕೆಟ್ಟುಹೋಗಿದೆ. ಇಂಪೋರ್ಟ್, ಎಕ್ಸ್‌ಪೋರ್ಟ್, ಡಿಪೋರ್ಟ್ ಪದಗಳಿಗೆ ಸ್ವಂತ ವಾಕ್ಯ ಬರೆಯಲು ಮಗಳಿಗೆ ಶಾಲೆಯಲ್ಲಿ ಹೇಳಿದ್ದರು. "ನನ್ನ ಚಿಕ್ಕಪ್ಪನನ್ನು ದುಬೈಯಿಂದ ಡಿಪೋರ್ಟ್ ಮಾಡಿದರು" ಎಂದು ಇಂಗ್ಲಿಷಿನಲ್ಲಿ ಸರಿಯಾಗಿಯೇ ಬರೆದಿದ್ದಳು. ಟೀಚರ್ ಅದಕ್ಕೆ ಕೆಂಪು ಗೀಟು ಎಳೆದಿದ್ದಾರೆ! ಇವತ್ತು ಅಂಗಡಿ ಮುಚ್ಚಿ ಶಾಲೆಗೇ ಹೋಗಿ ಕೇಳಿದೆ.

"ಗೈಡಿನಲ್ಲಿ ರಾಜ ಕಳ್ಳನನ್ನು ಡಿಪೋರ್ಟ್ ಮಾಡಿದ ಅಂತ ಉಂಟಲ್ಲ, ಅದನ್ನೇ ಬರೀಬೇಕು. ಉಳಿದ ಮಕ್ಕಳೆಲ್ಲ ಅದನ್ನೇ ಬರೆದಿದ್ದಾರೆ" ಎಂದರು.

ಸ್ವಂತ ವಾಕ್ಯವಂತೆ! ಗೈಡಿನ ರಾಜನನ್ನು ಈ ಬಂಟ್ವಾಳದಲ್ಲಿ ಯಾರು ಕಂಡಿದ್ದಾರೆ? ದುಬೈಯಿಂದ ಗಡೀಪಾರಾಗಿ ಬಂದ ನನ್ನ ತಮ್ಮ ಮಾತ್ರ ಕೆಲಸವಿಲ್ಲದೆ ಮನೆಯಲ್ಲೇ ಕೂತಿದ್ದಾನೆ.

ಮನೆಗೆ ಬಂದು ಅವನಿಗೆ ಮಗಳ ಪುಸ್ತಕ ತೋರಿಸಿದೆ. ಅವನು ನಕ್ಕ. "ನನ್ನನ್ನು ಡಿಪೋರ್ಟ್ ಮಾಡಿದ್ದು ತಪ್ಪು ಅಂತ ಟೀಚರೇ ಗೀಟು ಹಾಕಿದ್ದಾರಲ್ಲ ಅಣ್ಣಾ, ಇದನ್ನು ದುಬೈಗೆ ಕಳಿಸುವ."