ಅಂಡರ್‌ಪಾಸಿನಲ್ಲಿ ತಿರುಗಿದ ಸೆಲ್ಫ್

ಬ್ಯಾಟರಿ ಇರಬಹುದು. ಸೆಲ್ಫ್ ಮೋಟಾರ್ ಇರಬಹುದು. ಡೈನಮೋ, ಹೀಟರ್ ಪ್ಲಗ್, ರಿಲೇ, ಫ್ಯೂಸ್, ಕೀ ತಿರುವುವ ಸ್ವಿಚ್ಚು, ಇಲಿ ಕಡಿದ ವೈರು. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿರಲೂಬಹುದು. ನಮ್ಮ ಹಳೆಯ ಡೀಸೆಲ್ ಗಾಡಿ ಮನಸ್ಸು ಬಂದರೆ ಸ್ಟಾರ್ಟ್ ಆಗುವುದು, ಇಲ್ಲದಿದ್ದರೆ ‘ಟಕ್’ ಎಂದೂ ಅನ್ನದೆ ಕೂರುವುದು ಶುರುವಾದ ಮೇಲೆ ನಾನು ಈ ಹೆಸರುಗಳನ್ನು ಮಲಗುವ ಮುಂಚೆ ಜಪದಂತೆ ಹೇಳಿಕೊಳ್ಳುತ್ತಿದ್ದೆ. ಕುಕ್ಕರಿನ ಸೀಟಿ ತಡವಾದರೂ ಎದೆ ಹಿಡಿದುಕೊಳ್ಳುವ ಮನುಷ್ಯ ನಾನು. ಆದರೆ ದೆವ್ವ, ಪವಾಡ, ಶಕುನಗಳ ಬಗ್ಗೆ ಮಾತ್ರ ಎಂದೂ ತಲೆ ಕೆಡಿಸಿಕೊಂಡವನಲ್ಲ. ಅಂಥದ್ದನ್ನು ಹೇಳುವವರ ಎದುರೇ ನಕ್ಕು ಎದ್ದುಬಂದವನು. ಹಾಗಾಗಿ ಈಗ ನೀವು ನಕ್ಕರೆ ನನ್ನ ತಕರಾರಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ದಸರಾ ಕಳೆದಾಗಿನಿಂದ ಕಾಟ ಕೊಡುತ್ತಿದ್ದ ಗಾಡಿಗೆ ದಾವಣಗೆರೆಯ ಮೆಕ್ಯಾನಿಕ್ ರಫೀಕ್ ಮೇಲೆ ಹೇಳಿದ್ದನ್ನೆಲ್ಲ ಒಂದೊಂದಾಗಿ ಬದಲಿಸಿದ್ದ. ಅವನ ಶೆಡ್ಡಿನಲ್ಲಿ ಅದು ಒಂದೇ ಕೀಗೆ ಏಳುತ್ತಿತ್ತು. ನಿಟ್ಟುವಳ್ಳಿಯ ನಮ್ಮ ಮನೆ ಮುಂದೆ ಬಂದು ಮಲಗುತ್ತಿತ್ತು. “ನಿಮ್ ಮುಖ ನೋಡಿದ್ರ ಅದಕ್ಕೂ ಟೆನ್ಷನ್ ಆಗ್ತೈತಿ ಸಾರ್” ಎಂದು ರಫೀಕ್ ನಗುತ್ತಿದ್ದ.

ಮಳೆಗಾಲ ಬಂತು. ಒಂದು ಮಧ್ಯಾಹ್ನ ಅಕ್ಕನನ್ನು ಕೊಕ್ಕನೂರಿನ ಬೀಗರ ಮನೆಗೆ ಊಟಕ್ಕೆ ಕರೆದೊಯ್ದಿದ್ದೆ. ಅಕ್ಕನ ಎರಡೂ ಮಂಡಿಗೆ ಆಪರೇಷನ್ ಆಗಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಹಿಂದಿನ ಸೀಟಿನಲ್ಲಿ ಕಾಲು ಚಾಚಿಯೇ ಕೂರಬೇಕು, ಇಳಿಸಲು ಇಬ್ಬರು ಬೇಕು. ಹೊರಡುವಾಗ ಕೀ ತಿರುವಿದರೆ ಒಂದು ದೀಪವೂ ಇಲ್ಲ. ಬೀಗರ ಕಡೆಯವರೆಲ್ಲ ಸೇರಿ ತಳ್ಳಿದರು, ಎಂಜಿನ್ ಹಿಡಿಯಿತು. ಹಳೆಯ ಡೀಸೆಲ್ ಎಂಜಿನ್ನು ಒಮ್ಮೆ ಎದ್ದರೆ ಕರೆಂಟಿಲ್ಲದೆಯೂ ಓಡುತ್ತದೆ. “ಊರು ಮುಟ್ಟೋತನಕ ಬಂದ್ ಮಾಡಬ್ಯಾಡ್ರಿ ಮತ್ತ” ಎಂದು ಬೀಗರು ಎಚ್ಚರಿಸಿದರು.

ಹರಿಹರ ದಾಟುವಷ್ಟರಲ್ಲಿ ಮಳೆ ಜಡಿಯತೊಡಗಿತು. ಇಂಥ ಮಳೆಯಲ್ಲಿ ಹೆದ್ದಾರಿಯ ಲಾರಿಗಳು ಅಪಾಯವೆಂದು ಜಾಣನಂತೆ ಒಳದಾರಿ ಹಿಡಿದೆ. ಆ ದಾರಿಯಲ್ಲಿ ರೈಲು ಹಳಿಯ ಕೆಳಗೊಂದು ಅಂಡರ್‌ಪಾಸು. ನೀರು ನಿಂತಿತ್ತು. ಮುಂದಿನ ಆಟೋ ದಾಟಿತೆಂದು ನಾನೂ ಗಾಡಿಯನ್ನು ನೀರಿಗಿಳಿಸಿದೆ. ನಡುವೆ ಹೋದಾಗ ನೀರು ಅಂದುಕೊಂಡದ್ದಕ್ಕಿಂತ ಆಳವೆನಿಸಿ, ಗಾಬರಿಗೆ ಕ್ಲಚ್ಚಿನಿಂದ ಕಾಲು ತೆಗೆದುಬಿಟ್ಟೆ. ಗಾಡಿ ಒಮ್ಮೆ ಜಗ್ಗಿ ನಿಂತಿತು.

ಕೀ ತಿರುವಿದೆ. ಏನೂ ಇಲ್ಲ. ಗಾಜು ಇಳಿಸುವ ಸ್ವಿಚ್ಚೂ ಸತ್ತಿತ್ತು, ಹಾರ್ನೂ ಇಲ್ಲ. ನನ್ನ ಬಾಗಿಲನ್ನು ಭುಜಕೊಟ್ಟು ತಳ್ಳಿದರೆ ಬೆರಳಗಲ ಸರಿದು, ಆ ಸಂದಿಯಿಂದ ಕೆಂಪು ನೀರು ಒಳಗೆ ನುಗ್ಗಿತು.

“ಮುಚ್ಚೋ, ಮುಚ್ಚು! ನನ್ನ ಇಲ್ಲೇ ಮುಳುಗಿಸ್ತೀಯೇನು?”

“ಯಾರನ್ನಾದ್ರೂ ಕೂಗ್ಬೇಕಲ್ಲಕ್ಕ.”

“ಯಾರದಾರಪ್ಪ ಇಲ್ಲಿ ಕೂಗಾಕ? ನಾನಂತೂ ಇಳಿಯೋಕಾಗಲ್ಲ. ನೀನಾರ ಹೋಗು.”

ಹೋಗು ಎಂದಳೇ ಹೊರತು ಹಿಂದಿನಿಂದ ನನ್ನ ಅಂಗಿಯ ಕಾಲರನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಎರಡೂ ಕಡೆಯ ಇಳಿಜಾರಿನಿಂದ ನೀರು ನಮ್ಮತ್ತಲೇ ಹರಿದುಬರುತ್ತಿತ್ತು. ಗಾಜಿಗೆ ನಮ್ಮ ಉಸಿರಿನ ಹಬೆಯೇ ಕಟ್ಟಿ ಹೊರಗಿನದೇನೂ ಕಾಣದಾಯಿತು. ಮೊದಲು ಪಾದ ತಣ್ಣಗಾಯಿತು, ಆಮೇಲೆ ಮೀನಖಂಡ. ಜೀವನವಿಡೀ ಇಂಥ ಗಳಿಗೆಗಾಗಿಯೇ ಚಿಂತೆ ಮಾಡಿ ತಯಾರಾಗಿದ್ದ ನನಗೆ ಆಗ ಒಂದು ಉಪಾಯವೂ ಹೊಳೆಯಲಿಲ್ಲ. ಕೀ ತಿರುವಿದೆ, ಬಿಟ್ಟೆ, ಮತ್ತೆ ತಿರುವಿದೆ. ಕೊನೆಗೆ ಕೈ ಸೋತು ಸ್ಟೀರಿಂಗಿಗೆ ಹಣೆಯಿಟ್ಟೆ. ಅಕ್ಕನ ಹಿಡಿತವೂ ಸಡಿಲವಾಯಿತು. ಅದು ನನ್ನನ್ನು ಹೆಚ್ಚು ಹೆದರಿಸಿತು.

“ತಮ್ಮಾ, ಅದೇನೋ ಕೆಂಪಗೆ?” ಎಂದಳು ಅಕ್ಕ.

ತಲೆಯೆತ್ತಿದರೆ, ಸ್ಟಾರ್ಟ್ ಮಾಡುವ ಮುಂಚೆ ಬರುವ ಹೀಟರ್ ಪ್ಲಗ್ಗಿನ ದೀಪ ಉರಿಯುತ್ತಿತ್ತು. ಎಂದಿನಂತೆ ತುಸು ಹೊತ್ತು ಉರಿದು ಆರಿತು. ಕೀ ತಿರುವಿದೆ. ಸೆಲ್ಫ್ ಹೊಸ ಗಾಡಿಯದರಂತೆ ತಿರುಗಿ ಎಂಜಿನ್ ಎದ್ದಿತು. ನಿಟ್ಟುವಳ್ಳಿ ಮುಟ್ಟುವವರೆಗೆ ನಾನು ಆಕ್ಸಿಲರೇಟರಿನಿಂದ ಕಾಲು ತೆಗೆಯಲಿಲ್ಲ.

ಮರುದಿನ ಗಾಡಿ ಮತ್ತೆ ಜಪ್ಪಯ್ಯ ಅನ್ನಲಿಲ್ಲ. ರಫೀಕ್ ಮನೆಗೇ ಬಂದು ಬಾನೆಟ್ ಎತ್ತಿದ. ಬ್ಯಾಟರಿಯಿಂದ ಗಾಡಿಯ ಕಬ್ಬಿಣದ ಮೈಗೆ ಹೋಗುವ ದಪ್ಪ ಅರ್ತ್ ವೈರು ಬೋಲ್ಟಿನಿಂದ ಕಳಚಿ ಜೋತಾಡುತ್ತಿತ್ತು. ಬೋಲ್ಟಿಗೆ ನಟ್ಟಿರಲಿಲ್ಲ, ಒಣಗಿದ ಚೆಂಡುಹೂವಿನ ದಾರದ ತುಂಡೊಂದು ಸುತ್ತಿಕೊಂಡಿತ್ತು. ನಮ್ಮಲ್ಲಿ ಆಯುಧಪೂಜೆಗೆ ಬಾನೆಟ್ಟಿನ ಒಳಗೂ ಹೂ ಏರಿಸುತ್ತೇವೆ. ಆ ಸಲ ಕಟ್ಟಲು ಜಾಗ ಸಿಗದೆ ಆ ಬೋಲ್ಟಿನ ನಟ್ಟನ್ನೇ ಸಡಿಲಿಸಿ, ದಾರವನ್ನು ಅದರಡಿ ಸಿಕ್ಕಿಸಿ ಬಿಗಿ ಮಾಡಿದ್ದೆವು. ಅಂದಿನಿಂದ ವೈರು ಒಮ್ಮೆ ತಾಕಿ, ಒಮ್ಮೆ ತಾಕದೆ ಕೂತಿತ್ತು.

“ಎಲ್ಲಾ ಬಿಚ್ಚಿ ನೋಡೀನಿ ಸಾರ್, ಇದೊಂದು ಬಿಟ್ಟು. ದೇವ್ರ ಹಾರ ಐತೆ, ನಾನ್ಯಾಕ ಕೈ ಹಚ್ಚಲಿ ಅಂತ ಸುಮ್ನಿದ್ದೆ” ಎಂದ ರಫೀಕ್.

ಬೇರೆ ನಟ್ಟು ಹಾಕಿ ಕೀ ತಿರುವಿದ, ಗಾಡಿ ಎದ್ದಿತು. ವೈರು ಬಿಚ್ಚಿ ತಿರುವಿದ, ದೀಪವೂ ಬರಲಿಲ್ಲ.

“ನೀರಿನಲ್ಲೇ ಕರೆಂಟು ಹರಿದಿರಬಹುದಾ?” ಎಂದು ಕೇಳಿದೆ.

“ದೀಪ ಉರಿಸೋಷ್ಟು ಹರಿದೀತೇನೋ. ಸೆಲ್ಫ್ ತಿರುಗಿಸೋಷ್ಟು ಹೆಂಗೆ ಹರೀತೈತ್ರಿ? ಕನಸು ಕಂಡೀರಿ ನೀವು.”

“ಹಂಗಾದ್ರ ಅಕ್ಕನೂ ಅದೇ ಕನಸು ಕಂಡಳಾ?”

ರಫೀಕ್ ಬಗ್ಗಿ ಆ ವೈರನ್ನು ಇನ್ನೊಮ್ಮೆ ಎಳೆದು ನೋಡಿದ.

ನೀರು ದಾಟಿದ ಮೇಲೆ, ದಾರಿಯ ಕುಲುಕಾಟಕ್ಕೆ ನಟ್ಟು ಬಿದ್ದು ವೈರು ಕಳಚಿರಬೇಕು ಎಂದು ನಾನು ತೀರ್ಮಾನಿಸಿದೆ. ರಫೀಕನೂ ಒಪ್ಪಿದ. ಬಹಳ ದಿನಗಳ ಮೇಲೆ ಮನಸ್ಸು ಹಗುರಾಗಿ ಚಹಾ ಕುಡಿಯುತ್ತಿದ್ದಾಗ ಕೊಕ್ಕನೂರಿನಿಂದ ಬೀಗರ ಫೋನು ಬಂತು.

“ನಿನ್ನೆ ನಿಮ್ ಗಾಡಿ ನಿಂತಿತ್ತಲ್ರಿ, ಅಲ್ಲಿ ಅಂಗಳ ಗುಡಿಸುವಾಗ ಒಂದು ನಟ್ ಸಿಕ್ಕೈತೆ. ಚೆಂಡುಹೂವಿನ ದಾರ ಸಿಕ್ಕಂಡೈತೆ ಅದ್ರಾಗ. ನಿಮ್ದೇನಾ ನೋಡ್ರಿ.”

ಚಹಾ ಆರಿಹೋಯಿತು. ಆ ಅಂಡರ್‌ಪಾಸಿನಲ್ಲಿ ಗಾಡಿ ಹೇಗೆ ಎದ್ದಿತೋ ನನಗೆ ಇಂದಿಗೂ ತಿಳಿದಿಲ್ಲ. ಅಷ್ಟು ಚಿಂತಿಸಿ, ಅಷ್ಟೆಲ್ಲ ಬದಲಿಸಿದ್ದರಲ್ಲಿ ಒಂದಾದರೂ ಕೆಟ್ಟಿರಲಿಲ್ಲ. ಆಗಿದ್ದು ಇಷ್ಟೇ: ಕೊಕ್ಕನೂರಿನ ಅಂಗಳದಲ್ಲಿ, ನಾವು ಹೊರಡುವ ಮೊದಲೇ, ಒಂದು ನಟ್ಟು ಬಿದ್ದಿತ್ತು.