ಹ್ಯಾಂಡಲ್ಲಿಗೆ ಸುತ್ತಿದ ಬಟ್ಟೆ

ಸೊರಬದ ನಮ್ಮ ಮನೆಯಲ್ಲಿ ಅಡುಗೆಮನೆಗೂ ಹಿತ್ತಿಲ ಬಾಗಿಲಿಗೂ ನಡುವೆ ಓಣಿಯಂಥ ಒಂದು ಜಾಗವಿದೆ. ಅಲ್ಲಿ ಗೋಡೆಗೆ ಒರಗಿ ಒಂದು ಹಸಿರು ಸೈಕಲ್ಲು ಇಪ್ಪತ್ತೆರಡು ವರ್ಷ ನಿಂತಿತ್ತು. ಕೊಡ ಹಿಡಿದು ಹಾದು ಹೋಗುವಾಗೆಲ್ಲ ಅದರ ಹ್ಯಾಂಡಲ್ಲು ನನ್ನ ಸೊಂಟಕ್ಕೆ ತಾಗುತ್ತಿತ್ತು. ನೋವಾಗುವಂತೆ ಅಲ್ಲ, ಮೆತ್ತಗೆ. ಹಿಂದಿನಿಂದ ಯಾರೋ ಕರೆಯಲು ಮುಟ್ಟಿದ ಹಾಗೆ. ನಾನು ಪ್ರತಿ ಸಲವೂ ತಿರುಗಿ ನೋಡುತ್ತಿದ್ದೆ. ಇಷ್ಟು ವರ್ಷವಾದರೂ ಆ ಅಭ್ಯಾಸ ಹೋಗಲಿಲ್ಲ.

ಕಬ್ಬಿಣ ಮೆತ್ತಗೆ ತಾಗುತ್ತಿದ್ದುದಕ್ಕೆ ಕಾರಣ ಅತ್ತೆ. ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರ ಹಬ್ಬ ಮಾಡುತ್ತಾರೆ. ತೀರಿಕೊಂಡವರ ಹೆಸರಿನಲ್ಲಿ ಎಡೆ ಹಾಕಿ, ಪಕ್ಕದಲ್ಲಿ ಹೊಸ ಬಟ್ಟೆ ಇಡುತ್ತಾರೆ. ಮಾವನಿಗೆ ಧೋತರ, ಅಜ್ಜಿಗೆ ಸೀರೆ. ನನ್ನ ಮೈದುನನ ಪಾಲಿಗೆ ಮಾತ್ರ ಅತ್ತೆ ಹೊಸ ಬಿಳಿ ಬಟ್ಟೆಯನ್ನು ಎರಡು ಬೆರಳಗಲದ ಪಟ್ಟಿಯಾಗಿ ಹರಿದು, ಅವನ ಸೈಕಲ್ಲಿನ ಹ್ಯಾಂಡಲ್ಲಿಗೆ ಸುತ್ತಿ, ಕೊನೆಯನ್ನು ಸೂಜಿಯಿಂದ ಹೊಲಿಯುತ್ತಿದ್ದರು. ಬ್ರೇಕಿನ ಹಿಡಿಗಳನ್ನಷ್ಟೇ ಬಿಡುತ್ತಿದ್ದರು. ಹಳೆಯದನ್ನು ಬಿಚ್ಚುತ್ತಿರಲಿಲ್ಲ, ಅದರ ಮೇಲೆಯೇ ಹೊಸದು. ವರ್ಷಕ್ಕೊಂದು ಸುತ್ತು ಸೇರಿ ಸೇರಿ ಹ್ಯಾಂಡಲ್ಲು ನನ್ನ ಮುಂಗೈಯಷ್ಟು ದಪ್ಪವಾಗಿತ್ತು. ಮದುವೆಯಾಗದೆ ಹೋದವನಿಗೆ ಧೋತರದ ಬದಲು ಇದು ಎಂದು ನಾವೆಲ್ಲ ತಿಳಿದಿದ್ದೆವು. ಯಾರೂ ಕೇಳಲಿಲ್ಲ.

ಆ ಸೈಕಲ್ಲು ನಮ್ಮ ಕಡೆಯದಲ್ಲ. ದೇಶ ಸುತ್ತಲು ಬಂದ ಪರದೇಶದವನೊಬ್ಬ ಬನವಾಸಿಗೆ ಹೋಗುವ ದಾರಿಯಲ್ಲಿ ಹೊಟ್ಟೆ ಕೆಟ್ಟು, ನಮ್ಮೂರಿನಲ್ಲಿ ನಾಲ್ಕು ದಿನ ಮಲಗಿ, ಇನ್ನು ತುಳಿಯಲಾರೆ ಎಂದು ಮೈದುನನಿಗೆ ಮಾರಿ ಬಸ್ಸು ಹತ್ತಿದ್ದ. ದೂರದ ಪ್ರಯಾಣಕ್ಕೆಂದೇ ಮಾಡಿದ ಸೈಕಲ್ಲು, ಆಗಲೇ ಹಳೆಯದು. ಹ್ಯಾಂಡಲ್ಲು ಟಗರಿನ ಕೊಂಬಿನಂತೆ ಮುಂದಕ್ಕೆ ಹೋಗಿ ಕೆಳಕ್ಕೆ ಸುರುಳಿ ತಿರುಗಿತ್ತು. ಮೈದುನ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ. ಸಾಮಾನಿನ ಚೀಲ ಬೆನ್ನಿಗೆ ಹಾಕಿಕೊಂಡು ಜಡೆ, ಉಳವಿ ಕಡೆಗೆಲ್ಲ ಅದರ ಮೇಲೆ ಬಗ್ಗಿಕೊಂಡು ಹೋಗುತ್ತಿದ್ದ. ಕಟ್ಟೆಯ ಮೇಲೆ ಕೂತವರು, "ನೆಲದಾಗೆ ಎಂತ ಹುಡುಕ್ತಿಯೋ ಮಾರಾಯ, ಏನಾರ ಬೀಳಿಸ್ಕಂಡ್ಯಾ?" ಎಂದು ಕೂಗುತ್ತಿದ್ದರು. "ನಿಮ್ಮ ಮರ್ಯಾದಿ ಹುಡುಕ್ತಾ ಇದೀನಿ" ಎನ್ನುತ್ತಿದ್ದ ಅವನು, ತುಳಿಯುವುದನ್ನು ನಿಲ್ಲಿಸದೆ.

ಒಂದು ಮಧ್ಯಾಹ್ನ ನಾನು ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದೆ. ಅವನು ಒಳಗೆ ಬಂದವನೇ ಮೊರದ ಮೇಲೆ ಕೈ ಚಾಚಿದ.

"ಅತ್ಗೆ, ಈ ಎರಡು ಬೆರಳು ಜೋಮು ಹಿಡೀತಾವೆ ನೋಡಿ."

ಕಿರುಬೆರಳು, ಅದರ ಪಕ್ಕದ ಉಂಗುರಬೆರಳು. ನಾನು ನಕ್ಕುಬಿಟ್ಟೆ. "ಟಗರಿನ ಕೊಂಬು ಹಿಡ್ಕೊಂಡು ಊರೂರು ತಿರುಗಿದ್ರೆ ಇನ್ನೇನಾಗ್ತದೆ? ಎಲ್ಲರ ಹಂಗೆ ಮಾಮೂಲಿ ಹ್ಯಾಂಡಲ್ ಹಾಕಿಸ್ಕೋ ಹೋಗು" ಎಂದೆ. ಅವನೂ ನಕ್ಕ. ಮೊರದಿಂದ ನಾಲ್ಕು ಕಾಳು ಅಕ್ಕಿ ಬಾಯಿಗೆ ಹಾಕಿಕೊಂಡು ಹೋದ.

ಮೂರು ವಾರದ ಮೇಲೆ, ಜಡೆಯ ಹತ್ತಿರ ಯಾರದೋ ಗದ್ದೆಯ ಪಂಪಿನ ಮುಂದೆ ಕೂತವನು ಏಳಲಿಲ್ಲ. ಮೂವತ್ತೊಂದು ವರ್ಷ. ಹೃದಯ ನಿಂತಿದೆ ಎಂದರು ಡಾಕ್ಟರು. ಮಾತನಾಡಿಸಲು ಬಂದವರೊಬ್ಬರು ನಡುಮನೆಯಲ್ಲಿ ಕೂತು, ಕಾಫಿ ಲೋಟ ಕೆಳಗಿಡುತ್ತ, "ಹಾರ್ಟಿನ ತೊಂದರೆ ಮೊದ್ಲು ಎಡಗೈಗೇ ಬರ್ತದಂತೆ. ಜೋಮು ಹಿಡೀತದಂತೆ" ಎಂದರು. ನಾನು ಬಾಗಿಲ ಹತ್ತಿರ ತಟ್ಟೆ ಹಿಡಿದು ನಿಂತಿದ್ದೆ.

ಅಂದಿನಿಂದ ನನಗೆ ಒಂದೇ ಪ್ರಶ್ನೆ: ಅವನು ತೋರಿಸಿದ್ದು ಯಾವ ಕೈ? ಎಡಗೈಯೋ, ಬಲಗೈಯೋ, ಎರಡೂ ಕೈಯೋ? ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರು ನನ್ನ ಕಣ್ಣನ್ನು ಹೊಗಳುತ್ತಿದ್ದರು, ಒಂದು ತಪ್ಪು ಹೊಲಿಗೆಯೂ ಈ ಹುಡುಗಿಯ ಕಣ್ಣಿನಿಂದ ತಪ್ಪಿಸಿಕೊಳ್ಳುವುದಿಲ್ಲ ಎಂದು. ಆ ಮಧ್ಯಾಹ್ನದ ಮೊರ ನನಗೆ ನೆನಪಿದೆ. ಅಂಚಿನಲ್ಲಿ ಆರಿಸಿಟ್ಟಿದ್ದ ನಾಲ್ಕು ಕಲ್ಲು, ಒಂದು ಭತ್ತದ ಕಾಳು, ಅವನ ಉಗುರಿನ ಸಂದಿನ ಕಪ್ಪು ಗ್ರೀಸು ನೆನಪಿವೆ. ಕೈ ಮಾತ್ರ ಯಾವುದೆಂದು ನೆನಪಿಲ್ಲ. ಅವನು ಹೇಳಿದ್ದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ನನ್ನವರಿಗೂ.

ಹೋದ ವರ್ಷ ನನ್ನ ಮಂಡಿ ನೋವಿಗೆ ಡಾಕ್ಟರು ಸೈಕಲ್ ತುಳಿಯಿರಿ ಎಂದರು. "ಒಂದು ಲೇಡೀಸ್ ಸೈಕಲ್ ತಗೊಂಡ್ರಾಯ್ತು" ಎಂದರು ನನ್ನವರು. ಅತ್ತೆ ಊಟದ ತಟ್ಟೆಯಿಂದ ತಲೆಯೆತ್ತಿದರು.

"ಮನೇಲಿ ಇರೋದು ಏನಾಗ್ಯದೆ? ಅದನ್ನೇ ಓಡಿಸು. ಸೈಕಲ್ಲು ನಿಂತೇ ಇದ್ರೆ ಅವನೂ ಅದರ ಪಕ್ಕ ನಿಂತೇ ಇರ್ತಾನೆ. ಕಾಲು ಸೋಲಲ್ವಾ ಅವನಿಗೆ?" ಮತ್ತೆ ಅನ್ನ ಕಲಸುತ್ತ, "ಹ್ಯಾಂಡಲ್ ಮಾತ್ರ ಬಿಚ್ಚಬ್ಯಾಡ. ಅವನು ಕೈ ಇಟ್ಟ ಜಾಗ ಅದು" ಎಂದರು.

ಟೈರು, ಟ್ಯೂಬು ಹೊಸದು ಹಾಕಿಸಿ, ಚೂಡಿದಾರ ತೊಟ್ಟು ಹೊರಟೆ. ಕಾನ್ವೆಂಟಿನ ಕಾಂಪೌಂಡಿನಲ್ಲಿ ಕಲಿತ ಸೈಕಲ್ಲು ಮರೆತಿರಲಿಲ್ಲ. ಆದರೆ ಬಟ್ಟೆಯ ದಪ್ಪಕ್ಕೆ ಮುಷ್ಟಿ ಮುಚ್ಚುತ್ತಿರಲಿಲ್ಲ, ಬ್ರೇಕು ಬೆರಳ ತುದಿಗಷ್ಟೇ ಸಿಗುತ್ತಿತ್ತು, ಮೈಭಾರವೆಲ್ಲ ಅಂಗೈಯ ಹೊರಬದಿಗೆ ಬೀಳುತ್ತಿತ್ತು. ಉಳವಿ ರಸ್ತೆಯಲ್ಲಿ ಅರ್ಧ ಗಂಟೆ ಹೋಗಿರಬಹುದು. ನನ್ನ ಕಿರುಬೆರಳೂ ಉಂಗುರಬೆರಳೂ ಜೋಮು ಹಿಡಿದವು. ಬೇರೆ ಬೆರಳಲ್ಲ, ಅವೇ ಎರಡು.

ಇಳಿದು ರಸ್ತೆಯ ಅಂಚಿಗೆ ನಿಂತೆ. ಗದ್ದೆಯ ಕಡೆಯಿಂದ ಪಂಪಿನ ಸದ್ದು ಬರುತ್ತಿತ್ತು. ಎರಡೂ ಕೈ ಮುಂದೆ ಚಾಚಿ ನೋಡಿಕೊಂಡೆ. ಎರಡರಲ್ಲೂ ಇತ್ತು. ಹಾಗಾದರೆ ಹ್ಯಾಂಡಲ್ಲೇ ಇರಬೇಕು, ನಾನು ನಕ್ಕು ಹೇಳಿದ್ದೇ ಸರಿಯಿರಬೇಕು ಎಂದು ಒಂದು ಕ್ಷಣ ಹಗುರಾಯಿತು. ಆದರೆ ಅವು ನನ್ನ ಕೈ, ಅವನವಲ್ಲ. ಸೈಕಲ್ಲನ್ನು ತಳ್ಳಿಕೊಂಡೇ ಮನೆಗೆ ಬಂದೆ.

ನನ್ನ ತವರು ಶಿಕಾರಿಪುರ. ಮುಂದಿನ ಸಲ ಅಲ್ಲಿಗೆ ಹೋದಾಗ ಪೇಟೆಯ ಹಳೆ ಸೈಕಲ್ ಅಂಗಡಿಗೆ ಹೋದೆ. ಸೀಟಿನ ಮೂತಿಯಿಂದ ಹ್ಯಾಂಡಲ್ಲಿಗೆ ಎಷ್ಟು, ಹ್ಯಾಂಡಲ್ಲಿನ ಅಗಲ ಎಷ್ಟು ಎಂದು ದಾರದಲ್ಲಿ ಅಳೆದು ಗಂಟು ಹಾಕಿಕೊಂಡು ಹೋಗಿದ್ದೆ. ಅಂಗಡಿಯ ಮುದುಕರು ದಾರ ನೋಡಿ ನಕ್ಕರು.

"ಸೈಕಲ್ಲಿಗೆ ಜಂಪರ್ ಹೊಲಸ್ತೀರೇನ್ರಿ ಅಕ್ಕಾರ?"

ನನ್ನ ಬೆರಳು ಜೋಮು ಹಿಡಿಯುವುದನ್ನು ಹೇಳಿ, ಬೇರೆ ಹ್ಯಾಂಡಲ್ಲು ಕೇಳಿದೆ. ಅವರು ಮಾಡಿನಿಂದ ಒಂದೊಂದಾಗಿ ಹ್ಯಾಂಡಲ್ಲು ಇಳಿಸಿ, ಗೋಡೆಗೆ ನಿಲ್ಲಿಸಿದ್ದ ಒಂದು ಸೈಕಲ್ಲಿಗೆ ಸಿಕ್ಕಿಸಿ ನನ್ನನ್ನು ಕೂರಿಸಿದರು. ಮೊದಲನೆಯದು ಕೋಲಿನಂತೆ ನೇರ, ಮಣಿಕಟ್ಟು ಹೊರಕ್ಕೆ ತಿರುಚಿತು. ಎರಡನೆಯದು ಬಹಳ ಎತ್ತರ, ಕೈಗೆ ಸುಖ, ಆದರೆ ಭಾರವೆಲ್ಲ ಸೊಂಟದ ಮೇಲೆ ಕೂತಿತು.

"ಬ್ಯಾಡ ಬಿಡ್ರಿ. ಕೆಳಗಿಳೀರಿ" ಎಂದರು. "ಮನಿಯಾಗ ಮೊರ ಹಿಡೀತೀರಲ್ಲ, ಹಂಗ ಕೈ ಹಿಡೀರಿ ನೋಡೋಣ. ಕಣ್ಣು ಮುಚ್ಚಿ ಹಿಡೀರಿ, ಇಲ್ಲಾಂದ್ರ ಕೈ ಸುಳ್ಳು ಹೇಳ್ತದ."

ಕಣ್ಣು ಮುಚ್ಚಿ, ಗಾಳಿಯಲ್ಲಿ ಮೊರ ಹಿಡಿದೆ. ಅಂಗೈಗಳು ಎದುರುಬದುರಾದವು, ಮೊಣಕೈ ಪಕ್ಕೆಗೆ ಬಂತು. ಆ ಕತ್ತಲಲ್ಲಿ ಮೊರದ ಮೇಲೆ ಅಕ್ಕಿ ಬಂತು, ನಾಲ್ಕು ಕಲ್ಲು ಬಂದವು, ಎದುರಿನಿಂದ ಕೈ ಬಂತು. ಗ್ರೀಸಿನ ಉಗುರು. ಯಾವ ಕೈ ಎಂದು ನೋಡಲು ನಾನು ಕಣ್ಣು ಬಿಟ್ಟುಬಿಟ್ಟೆ. ಎದುರಿಗೆ ಮುದುಕರು ಹ್ಯಾಂಡಲ್ಲು ಹಿಡಿದು ನಿಂತಿದ್ದರು.

"ಯಾಕ್ರೀ, ಬೆವರಿದ್ರಿ?"

"ಸೆಖೆ" ಎಂದೆ.

ಅವರು ಕೊಟ್ಟದ್ದು ಸ್ವಲ್ಪ ಮೇಲಕ್ಕೆದ್ದು, ಎರಡೂ ಬದಿ ಹಿಂದಕ್ಕೆ ನಮ್ಮ ಕಡೆಗೇ ಬಾಗಿ ಬರುವ ಹ್ಯಾಂಡಲ್ಲು. ಮೊರದ ಅಂಚು ಹಿಡಿದಂತೆಯೇ ಕೈ ಕೂತಿತು. ಸೀಟಿನ ಮೂತಿಗೆ ನನ್ನ ಮೊಣಕೈ ಹಚ್ಚಿಸಿ, ಬೆರಳ ತುದಿ ಎಲ್ಲಿಗೆ ಬರುತ್ತದೆಂದು ನೋಡಿ, ನನ್ನ ದಾರದ ಗಂಟಿಗೆ ಹೋಲಿಸಿ ತಲೆಯಾಡಿಸಿದರು. "ಪರದೇಶದ ಸೈಕಲ್ಲಂದ್ರಿ. ಕೂಡೋ ಕಡೆ ಸಡಲ ಆಗಬಹುದು, ಈ ತಗಡು ಸುತ್ತಿ ಬಿಗಿ ಮಾಡ್ಸ್ರಿ" ಎಂದು ಎಣ್ಣೆ ಡಬ್ಬಿಯಿಂದ ಕತ್ತರಿಸಿದ ಒಂದು ತುಂಡು ತಗಡನ್ನೂ, ಹೊಸ ಬ್ರೇಕ್ ಹಿಡಿಗಳನ್ನೂ ಕೊಟ್ಟರು.

ಬಸ್ಸಿನಲ್ಲಿ ಕಂಡಕ್ಟರು, "ನಿಮಗೆ ಫ್ರೀ ಅಮ್ಮಾ, ಆ ಕೊಂಬಿಗೆ ಟಿಕೆಟ್ ತಗೋಬೇಕು" ಎಂದಾಗ ಎಲ್ಲರ ಜೊತೆ ನಾನೂ ನಕ್ಕೆ. ಮನೆಗೆ ಬಂದು ಅಕ್ಕಿ ಡ್ರಮ್ಮಿನ ಹಿಂದೆ ಅದನ್ನು ಅಡಗಿಸಿಟ್ಟೆ. ಹಳೆಯದನ್ನು ಬಿಚ್ಚಿಸುತ್ತೇನೆ ಎಂದು ಅತ್ತೆಗೆ ಹೇಗೆ ಹೇಳುವುದು? ಅವರ ಮಗನ ಕೈ ಇನ್ನೂ ಇರುವ ಒಂದೇ ಜಾಗ ಅದು. ಹೇಳಬೇಕಾದರೆ ಕಾರಣ ಹೇಳಬೇಕು, ಕಾರಣ ಹೇಳಿದರೆ ಮೊರದ ಮಧ್ಯಾಹ್ನವನ್ನೂ ಹೇಳಬೇಕು. ಹಿರಿಯರ ಹಬ್ಬ ಬರುವವರೆಗೂ ಹ್ಯಾಂಡಲ್ಲು ಡ್ರಮ್ಮಿನ ಹಿಂದೆಯೇ ಇತ್ತು.

ಹಬ್ಬದ ಬೆಳಿಗ್ಗೆ ಅತ್ತೆ ಸೈಕಲ್ಲಿನ ಪಕ್ಕ ಮಣೆ ಹಾಕಿ ಕೂತಿದ್ದರು. ತೊಡೆಯ ಮೇಲೆ ಹರಿದ ಬಿಳಿ ಪಟ್ಟಿ.

"ಬಾರೇ, ಸೂಜಿಗೆ ದಾರ ಹಾಕಿ ಕೊಡು. ಈ ಸೂಜಿ ಕಣ್ಣು ವರ್ಷ ವರ್ಷ ಸಣ್ಣ ಆಗ್ತದೆ."

ಸೂಜಿ ತೆಗೆದುಕೊಂಡೆ. ದಾರ ಹಾಕಲಿಲ್ಲ.

"ಅತ್ತೆ, ಈ ಸಲ ಸುತ್ತಬ್ಯಾಡಿ."

"ಯಾಕೆ? ಅವನಿಗೆ ಬಟ್ಟೆ ಬ್ಯಾಡವಾ?"

ಅವರ ಪಕ್ಕ ನೆಲದ ಮೇಲೆ ಕೂತೆ. "ಅವನು ಒಂದ್ಸಲ ನನ್ನ ಹತ್ರ ಹೇಳಿದ್ದ ಅತ್ತೆ. ಎರಡು ಬೆರಳು ಜೋಮು ಹಿಡೀತಾವೆ ಅಂತ. ಹೋಗೋಕೆ ಮೂರು ವಾರ ಮುಂಚೆ. ನಾನು ನಕ್ಕುಬಿಟ್ಟೆ."

ಅತ್ತೆ ಪಟ್ಟಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

"ನಂಗೂ ಹೇಳಿದ್ದ" ಎಂದರು.

ನಾನು ಸೂಜಿಯನ್ನು ದಾರದುಂಡೆಗೆ ಚುಚ್ಚಿಟ್ಟೆ.

"ಎಮ್ಮೆ ಕರೀತಾ ಇದ್ದೆ. ಹಿಂದೆ ಬಂದು ನಿಂತು ಹೇಳ್ದ. ಎಳ್ಳೆಣ್ಣೆ ತಿಕ್ಕೋ ಹೋಗು ಅಂದೆ. ತಿರುಗಿ ನೋಡ್ಲಿಲ್ಲ ನಾನು." ದಪ್ಪ ಹ್ಯಾಂಡಲ್ಲಿನ ಮೇಲೆ ಕೈಯಿಟ್ಟರು. "ಮೆತ್ತಗಿರಲಿ ಅಂತ ಸುತ್ತಿದ್ದು ಇದು. ಜೋಮು ಬರದಿರಲಿ ಅಂತ. ನೀವೆಲ್ಲ ಧೋತ್ರದ ಬದಲು ಅಂದ್ಕಂಡ್ರಿ, ನಾನೂ ಹಂಗೇ ಬಿಟ್ಟೆ."

ಆಮೇಲೆ ನನ್ನ ಮುಖ ನೋಡದೆ ಕೇಳಿದರು: "ನಿಂಗೆ ಯಾವ ಕೈ ತೋರಿಸಿದ್ದ?"

ಆ ದಿನ ನಡುಮನೆಯಲ್ಲಿ ಆಡಿದ ಮಾತು ಅವರ ಕಿವಿಗೂ ಬಿದ್ದಿತ್ತು. ಇಪ್ಪತ್ತೆರಡು ವರ್ಷ ಒಂದೇ ಅಡುಗೆಮನೆಯಲ್ಲಿ, ಒಂದೇ ಒಲೆಯ ಮುಂದೆ, ನಾವಿಬ್ಬರೂ ಒಂದೇ ಪ್ರಶ್ನೆ ಇಟ್ಟುಕೊಂಡು ಉಪ್ಪು ಹುಳಿ ಕೇಳಿಕೊಂಡಿದ್ದೆವು.

"ಗೊತ್ತಿಲ್ಲ ಅತ್ತೆ. ಕಲ್ಲು ಆರಿಸ್ತಾ ಇದ್ದೆ."

ಅವರು ಹ್ಯಾಂಡಲ್ಲಿನ ಮೇಲಿಂದ ಕೈ ತೆಗೆದರು. "ಬಿಚ್ಚು" ಎಂದರು.

ಒಂದೊಂದೇ ಹೊಲಿಗೆ ಕತ್ತರಿಸಿ ಬಿಚ್ಚಿದೆ. ಹಸಿರು ಅಂಚಿನದೊಂದು ವರ್ಷ. ಊರಿನ ಅಂಗಡಿಗಳೆಲ್ಲ ಮುಚ್ಚಿದ್ದ ಕಾಯಿಲೆಯ ವರ್ಷ ಹೊಸ ಬಟ್ಟೆ ಸಿಗದೆ ದಿಂಬಿನ ಚೀಲ ಹರಿದದ್ದು. ಒಳಗೆ ಹೋದಂತೆ ಬಟ್ಟೆ ಹಳದಿಯಾಗುತ್ತ, ಅತ್ತೆಯ ಹೊಲಿಗೆ ಸಣ್ಣದಾಗುತ್ತ, ನೇರವಾಗುತ್ತ ಹೋಯಿತು. ಎಲ್ಲದರ ಅಡಿಯಲ್ಲಿ ಅವನ ಕಾಲದ ಕಪ್ಪು ಟೇಪು ಕಂಡಿತು. ಕೆಳಗಿನ ಸುರುಳಿಯಲ್ಲಿ ಅದು ಹೊಸದರಂತೆ ಹೊಳೆಯುತ್ತಿತ್ತು. ಮೇಲೆ, ನಡುವಿಗೆ ಹತ್ತಿರ, ಸವೆದು ಸವೆದು ಲೋಹ ಇಣುಕುತ್ತಿತ್ತು. ಊರಿನ ಕಣ್ಣಿಗೆ ಬಗ್ಗಿಕೊಂಡೇ ಹೋದವನು ಊರು ದಾಟಿದ ಮೇಲೆ ನೆಟ್ಟಗೆ ಕೂತು, ಮೇಲೆಯೇ ಹಿಡಿದು ಓಡಿಸಿದ್ದ.

ಅತ್ತೆಗೆ ಕಣ್ಣು ಸಾಲದು. ಹೆಬ್ಬೆರಳಿನಿಂದ ಎಡಬದಿ ಸವರಿದರು, ಬಲಬದಿ ಸವರಿದರು, ಮತ್ತೆ ಎಡಬದಿ.

"ಎರಡೂ ಕಡೆ ಒಂದೇ ಸಮ ಸವೆದದೆ."

"ಹೌದು ಅತ್ತೆ."

"ಹಂಗಾದ್ರೆ ಎರಡೂ ಕೈಗೆ ಬಂದಿರ್ತದೆ. ಹ್ಯಾಂಡಲ್ಲಿಂದೇ."

ಕೈ ಇಟ್ಟ ಗುರುತು ಯಾವ ಕೈ ಜೋಮು ಹಿಡಿಯಿತೆಂದು ಹೇಳುವುದಿಲ್ಲ. ಅದು ನನಗೆ ಗೊತ್ತಿತ್ತು. ಅತ್ತೆಗೂ ಗೊತ್ತಿತ್ತೆಂದು ತೋರುತ್ತದೆ. "ಹೌದು, ಹ್ಯಾಂಡಲ್ಲಿಂದೇ" ಎಂದೆ. ಎದ್ದು ಹೋಗಿ ಡ್ರಮ್ಮಿನ ಹಿಂದಿನಿಂದ ಹೊಸದನ್ನು ತಂದು ಅವರ ತೊಡೆಯ ಮೇಲಿಟ್ಟೆ. ಅವರು ಅದರ ಎರಡೂ ತುದಿ ಹಿಡಿದು ನೋಡಿ, "ಮೊರ ಹಿಡಿದಂಗೆ ಅದೆ" ಎಂದರು. ಆ ವರ್ಷ ಎಡೆಯ ಪಕ್ಕ ಹರಿದ ಬಿಳಿ ಪಟ್ಟಿಯನ್ನು ಮಡಚಿ ಇಟ್ಟೆವು.

ಹೊಸ ಹ್ಯಾಂಡಲ್ಲು ಹಾಕಿಸಿದ ಸೈಕಲ್ಲು ಈಗ ಮುಂದಿನ ಜಗುಲಿಯಲ್ಲಿರುತ್ತದೆ. ಹಿಂದಿನ ಓಣಿ ಖಾಲಿ. ಆದರೂ ಕೊಡ ಹಿಡಿದು ಹೋಗುವಾಗ ಆ ಜಾಗದಲ್ಲಿ ನನ್ನ ಸೊಂಟ ತಾನಾಗಿ ಪಕ್ಕಕ್ಕೆ ಸರಿಯುತ್ತದೆ.

ಸಂಜೆ ತಿರುಗಿ ಬರುವಾಗ ದೂರದಿಂದಲೇ ಗಂಟೆ ಬಾರಿಸಬೇಕೆಂದು ಅತ್ತೆಯ ಅಪ್ಪಣೆ. ಮೊನ್ನೆ ಉಳವಿ ರಸ್ತೆಯಲ್ಲಿ ನನ್ನ ಎಡಗೈಯ ಕಿರುಬೆರಳು ಸ್ವಲ್ಪ ಜೋಮು ಹಿಡಿಯಿತು. ಎಡಗೈಯದು ಮಾತ್ರ. ಇಳಿದು, ಕೈ ಕೊಡವಿ, ಪಂಪಿನ ಸದ್ದು ಕೇಳುತ್ತ ನಿಂತೆ. ಬೆರಳಿಗೆ ಜೀವ ಬಂದ ಮೇಲೆ ಹತ್ತಿದೆ.

ಜಗುಲಿಯಲ್ಲಿ ಅತ್ತೆ ದಿನವೂ ಕೇಳುವಂತೆ ಕೇಳಿದರು: "ಜೋಮು ಬಂತಾ?"

"ಇಲ್ಲ ಅತ್ತೆ."

"ಎರಡೂ ಕೈ ಸರಿ ಇದಾವಾ?"

"ಎರಡೂ" ಎಂದೆ.